ಹನ್ನೊಂದು ದಿನದ ಸಾಲುಗಳು

ಸೋಮವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಚಂದ್ರಾಮ ಸಿಂದಗಿ ಪಟ್ಟಣದ ನೀರಿನ ಕಂಪನಿಯ ಆಫೀಸಿನ ಮೆಟ್ಟಿಲು ಹತ್ತಿ ಬಂದಾಗ ಅವನ ತಲೆಗೆ ಬಿಳಿ ಪಟ್ಟಿ ಸುತ್ತಿತ್ತು. ಎಡಗಣ್ಣು ಬಾತು ಮುಚ್ಚಿಹೋಗಿತ್ತು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಅಲ್ಲೇ ನಿಂತ. ಯಾರೂ ಒಳಗೆ ಕರೆಯಲಿಲ್ಲ. ಇಂಜಿನಿಯರ್ ಕಲ್ಮೇಶ ತಲೆಯೆತ್ತಿ ಅವನನ್ನು ನೋಡಿದ, ಫೋನನ್ನು ಕಿವಿಗಿಟ್ಟುಕೊಂಡು ‘ಹಾಂ, ಹೇಳ್ರಿ’ ಎನ್ನುತ್ತ ಹಿಂದಿನ ಬಾಗಿಲಿನಿಂದ ಇಳಿದು ಹೋದ. ಫೋನು ರಿಂಗಾಗಿಯೇ ಇರಲಿಲ್ಲ.

ಮೂಲೆಯ ಕುರ್ಚಿಯಲ್ಲಿದ್ದ ಶೈಲಶ್ರೀ ಇದನ್ನು ನೋಡಿ ಎದ್ದು ಬಂದಳು.

“ಒಳಗ ಬರ್ರಿ ಕಾಕಾ. ಯಾರ್ ಬೇಕಾಗಿತ್ತು?”

“ನೀವ ಬೇಕ್ರಿ ಅಕ್ಕಾರ. ಮೆಸೇಜಿನ ಮಷಿನ್ ಯಾರ್ ನೋಡ್ಕೋತಾರ ಅಂತ ಕೆಳಗ ಚಹಾದಂಗಡ್ಯಾಗ ಕೇಳಿದೆ. ನಿಮ್ಮ ಹೆಸರ ಹೇಳಿದ್ರು.”

ಸಿಹಿಧಾರೆ ಎಂಬ ಖಾಸಗಿ ಕಂಪನಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಇನ್ನೂರ ಹನ್ನೆರಡು ಹಳ್ಳಿಗಳಿಗೆ ಪೈಪಿನಲ್ಲಿ ಕುಡಿಯುವ ನೀರು ಕೊಡುವ ಗುತ್ತಿಗೆ ಹಿಡಿದಿತ್ತು. ಹಳ್ಳಿಗೊಬ್ಬ ವಾಟರ್‌ಮನ್. ಮೋಟರ್ ಯಾವಾಗ ಚಾಲೂ ಮಾಡಿದೆ, ನೀರಿನ ಟಾಕಿ ಯಾವಾಗ ತೊಳೆದೆ, ಪೈಪು ಎಲ್ಲಿ ಒಡೆದಿದೆ ಎನ್ನುವುದನ್ನೆಲ್ಲ ಅವರು ಕಂಪನಿಯ ಸ್ವಂತ ಆ್ಯಪಿನಲ್ಲೇ ತಿಳಿಸಬೇಕಿತ್ತು. ಬೇರೆ ಕಡೆ ಹಾಕಿದರೆ ತಿಳಿಸಿದಂತೆ ಅಲ್ಲ. ಆ ಸಂದೇಶಗಳೆಲ್ಲ ಬಂದು ಸೇರುವ ಸರ್ವರ್ ಸಿಂದಗಿ ಆಫೀಸಿನ ಹಿಂದಿನ ಕೋಣೆಯಲ್ಲಿತ್ತು. ಆರು ವರ್ಷದಿಂದ ಅದನ್ನು ನೋಡಿಕೊಳ್ಳುತ್ತಿದ್ದವಳು ಶೈಲಶ್ರೀ. ಮೂವತ್ತೇಳು ವರ್ಷದ ಅವಳು ದೇವರ ಹಿಪ್ಪರಗಿಯಿಂದ ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದಳು. ಓದಿದ್ದು ಡಿಪ್ಲೊಮಾ. ಡೇಟಾಬೇಸಿನ ಕೆಲಸವನ್ನು ಮಾತ್ರ ಮಾಡುತ್ತ, ಕೆಡಿಸುತ್ತ, ಮತ್ತೆ ಸರಿಪಡಿಸುತ್ತ ತಾನೇ ಕಲಿತಿದ್ದಳು.

ಚಂದ್ರಾಮ ತಾಂಬಾದ ಹತ್ತಿರದ ಕಳ್ಳಿಹಾಳದ ವಾಟರ್‌ಮನ್. ಕಳ್ಳಿಹಾಳದ ಸುದ್ದಿ ಆಗಲೇ ಜಿಲ್ಲೆಗೆಲ್ಲ ಗೊತ್ತಿತ್ತು. ಗಟಾರದ ಹೊಲಸು ಕುಡಿಯುವ ನೀರಿಗೆ ಸೇರಿ, ವಾಂತಿಭೇದಿ ಹತ್ತಿ, ಅರವತ್ತು ಜನ ದವಾಖಾನೆ ಸೇರಿದ್ದರು. ಇಬ್ಬರು ಸತ್ತಿದ್ದರು. ಶನಿವಾರದ ಪೇಪರಿನಲ್ಲಿ ಕಂಪನಿಯ ಮ್ಯಾನೇಜರ್ ಸಿದ್ದಲಿಂಗನ ಹೇಳಿಕೆ ಬಂದಿತ್ತು. ಪೈಪು ಒಡೆದದ್ದನ್ನು ವಾಟರ್‌ಮನ್ ತಿಳಿಸಿರಲಿಲ್ಲ, ಅವನ ನಿರ್ಲಕ್ಷ್ಯವೇ ಇದಕ್ಕೆ ಕಾರಣ, ಅವನನ್ನು ಕೆಲಸದಿಂದ ತೆಗೆಯಲಾಗಿದೆ.

“ಹನ್ನೊಂದ್ ದಿನ ಮೆಸೇಜ್ ಹಾಕೇನ್ರಿ ಅಕ್ಕಾರ,” ಎಂದ ಚಂದ್ರಾಮ. ಕುರ್ಚಿ ತೋರಿಸಿದರೂ ಕೂರಲಿಲ್ಲ. “ದಿನಾ ಮುಂಜಾನೆ. ಒಂದಿನಾನೂ ತಪ್ಪಿಸಿಲ್ಲ. ನಮ್ಮ ಕೇರಿಗೆ ಬರೂ ಪೈಪು ಗಟಾರದಾಗ ಹಾದು ಬರ್ತೈತಿ, ಅಲ್ಲೇ ಒಡದೈತಿ, ನೀರು ನಾರಾಕತ್ತೈತಿ ಅಂತ ಮಾತಾಡಿ ಹಾಕೇನಿ, ಫೋಟೋ ತಗದು ಹಾಕೇನಿ. ನಾಕನೇ ದಿನ ನೀರ ಬಂದ್ ಮಾಡಿದೆ. ಕಲ್ಮೇಶ ಸಾಹೇಬ್ರು ಫೋನ್ ಮಾಡಿ, ನೀ ನೀರ ನಿಲ್ಲಿಸಿದ್ರ ನಾ ನಿನ್ನ ನೌಕರಿ ನಿಲ್ಲಸ್ತೇನಿ ಅಂದ್ರು. ಮತ್ತ ಬಿಟ್ಟೆ.”

“ಊರವ್ರು ಯಾರೂ ಕೇಳ್ಲಿಲ್ಲೇನು?”

“ಕೇರ್ಯಾಗ ಮಂದಿ ಜ್ವರ ಹತ್ತಿ ಮಲಗಿದಾಗ ಯಾರೂ ಬರ್ಲಿಲ್ರಿ. ಹತ್ತನೇ ದಿನಕ್ಕ ಅದ ಹೊಲಸು ಊರಾಗಿನ ಟಾಕಿಗೆ ಹೊಕ್ತು. ಆವಾಗ ಬಂದ್ರು. ನೀನ ಹೊಲಸ ನೀರ ಬಿಟ್ಟಿ ಅಂತ ನನ್ನ ಹೊಡಿಯಾಕ ಬಂದ್ರು.” ಅವನು ಕೈಯಲ್ಲಿದ್ದ ಕ್ಯಾರಿಬ್ಯಾಗನ್ನು ಮೇಜಿನ ಮೇಲೆ ಬಿಚ್ಚಿದ. ಅದರಲ್ಲಿ ಒಂದು ಫೋನಿನ ಚೂರುಗಳಿದ್ದವು. “ಕಲ್ಲಿಲೆ ಜಜ್ಜಿದ್ರು. ನಾ ಹಾಕಿದ್ದೆಲ್ಲ ಇದರಾಗ ಇತ್ತು. ಇನ್ನ ಇದ್ರ ನಿಮ್ಮ ಮಷಿನ್‌ನ್ಯಾಗ ಇರ್ಬೇಕು. ನೋಡ್ರಿ ಅಕ್ಕಾರ. ಸತ್ತ ಇಬ್ಬರೊಳಗ ಒಬ್ಬಾಕಿ ನಮ್ಮ ಸಣ್ಣವ್ವ, ನಮ್ಮವ್ವನ ತಂಗಿ. ಚಂದ್ರಾಮ ಬಿಟ್ಟ ನೀರು, ಏನಾಗ್ತೈತಿ ಅಂತ ಕುಡದಾಕಿ.”

ಶೈಲಶ್ರೀ ಕಂಪ್ಯೂಟರಿನ ಮುಂದೆ ಕೂತು ಕಳ್ಳಿಹಾಳ ಎಂದು ಹುಡುಕಿದಳು. ಸರ್ವರ್ ತುಂಬಿ ತುಳುಕುತ್ತಿದ್ದ ಕಾಲ ಅದು. ನೂರಕ್ಕೆ ತೊಂಬತ್ತೇಳು ಭಾಗ ತುಂಬಿತ್ತು. ಉತ್ತರ ಬರಲು ನಾಲ್ಕು ನಿಮಿಷ ಹಿಡಿಯಿತು.

ಹನ್ನೊಂದೂ ಇದ್ದವು. ಒಂದೊಂದು ದಿನಕ್ಕೆ ಒಂದೊಂದು ಸಾಲು. ಸ್ಟೀಲ್ ಚರಗಿಯಲ್ಲಿ ಹಳದಿ ನೀರಿನ ಫೋಟೋ ಮೂರು ಸಲ ಇತ್ತು. ಅವಳು ಒಂದು ದನಿ ಸಂದೇಶವನ್ನು ಒತ್ತಿದಳು.

“ಕಲ್ಮೇಶ ಸಾಹೇಬ್ರ, ನಾ ಚಂದ್ರಾಮ, ಕಳ್ಳಿಹಾಳದಿಂದ ಮಾತಾಡಾಕತ್ತೇನ್ರಿ. ಇವತ್ತ ಏಳು ಮನ್ಯಾಗ ಜ್ವರ ಬಂದಾವ್ರಿ. ನೀರು ಬಾಯಾಗ ಹಾಕ್ಕೊಳ್ಳಂಗಿಲ್ರಿ. ಯಾರನ್ನರ ಕಳಸ್ರಿ ಸಾಹೇಬ್ರ. ಕೈ ಮುಗೀತೇನಿ.”

ತನ್ನ ದನಿ ಕೇಳಿದಾಗ ಚಂದ್ರಾಮ ಸಾಹೇಬರ ಮುಂದೆ ನಿಂತಂತೆ ಕೈ ಕಟ್ಟಿ ನಿಂತ.

ಪ್ರತಿ ಸಾಲಿನ ಪಕ್ಕದಲ್ಲಿ ಅದನ್ನು ಯಾರು ಯಾವಾಗ ತೆರೆದು ನೋಡಿದರು ಎಂಬ ಗುರುತು ಇತ್ತು. ಕಲ್ಮೇಶ ಹನ್ನೊಂದನ್ನೂ ನೋಡಿದ್ದ. ಹೆಚ್ಚೆಂದರೆ ಅರ್ಧ ತಾಸಿನೊಳಗೆ ನೋಡಿದ್ದ. ಒಂಬತ್ತನೆಯ ದಿನದ ಸಂದೇಶಕ್ಕೆ ಉತ್ತರವನ್ನೂ ಕೊಟ್ಟಿದ್ದ. ಎತ್ತಿದ ಹೆಬ್ಬೆರಳಿನ ಒಂದು ಚಿತ್ರ.

“ಇದೇನ್ರಿ ಇದು, ಹೆಬ್ಬಟ್ಟು?” ಎಂದು ಚಂದ್ರಾಮ ಬಗ್ಗಿ ನೋಡಿದ. “ಇದು ಬಂದಾಗ ನನಗ ತಿಳೀಲಿಲ್ಲ ಅಕ್ಕಾರ. ಸಹಿ ಮಾಡ್ಯಾರೇನೋ ಅಂದ್ಕೊಂಡೆ.”

“ಆತು, ನೋಡೇನಿ ಅಂತ ಅರ್ಥ ಕಾಕಾ.”

ಶೈಲಶ್ರೀಗೆ ಕಲ್ಮೇಶನ ಮೇಲೆ ಬಂದ ಸಿಟ್ಟು ತಿರುಗಿ ತನ್ನ ಮೇಲೂ ಬಂತು. ಹನ್ನೊಂದು ದಿನ ಈ ದನಿ ತಾನು ಕೂತ ಕುರ್ಚಿಯಿಂದ ಹತ್ತು ಹೆಜ್ಜೆ ದೂರದ ಡಬ್ಬಿಯೊಳಗಿಂದಲೇ ಹಾದುಹೋಗಿತ್ತು. ಸಂದೇಶ ಹಾದುಹೋಗುತ್ತದೋ ಇಲ್ಲವೋ ಎಂದು ನೋಡುವುದು ಅವಳ ಕೆಲಸವಾಗಿತ್ತು. ಹಾದುಹೋಗಿತ್ತು. ಅಷ್ಟಕ್ಕೇ ಅವಳು ಮನೆಗೆ ಹೋಗಿ ಊಟ ಮಾಡಿ ಮಲಗಿದ್ದಳು.

“ನೀವು ಕೆಳಗ ಚಹಾ ಕುಡೀತಿರ್ರಿ ಕಾಕಾ. ಎಲ್ಲೂ ಹೋಗಬ್ಯಾಡ್ರಿ,” ಎಂದಳು.

ಹನ್ನೆರಡಕ್ಕೆ ಸಿದ್ದಲಿಂಗ ಅವಳನ್ನು ತನ್ನ ಕೋಣೆಗೆ ಕರೆಸಿದ. ಅವನು ಯಾವಾಗಲೂ ಮೆಲ್ಲಗೆ ಮಾತಾಡುವ ಮನುಷ್ಯ.

“ಶೈಲಶ್ರೀ ಅವ್ರ, ಸರ್ವರ್ ತುಂಬೇತಂತಲ್ಲ?”

“ಎಂಟು ತಿಂಗಳಿಂದ ಬರದು ಕೊಟ್ಟೇನ್ರಿ ಸರ್. ಒಂದು ತಾಸು ಆ್ಯಪ್ ನಿಲ್ಲಸಾಕ ಪರವಾನಿಗಿ ಕೊಡ್ರಿ, ಸ್ವಚ್ಛ ಮಾಡ್ತೇನಿ ಅಂತ.”

“ಈಗ ಕೊಟ್ಟೇನಿ. ಹೋದ ವಾರದ ತನಕ ಇರೂ ಎಲ್ಲಾ ಮೆಸೇಜ್ ಅಳಿಸಿಬಿಡ್ರಿ. ಮಾತು, ಫೋಟೋ, ಯಾರು ನೋಡ್ಯಾರ ಅನ್ನೂ ಗುರುತು, ಎಲ್ಲಾ. ಗುರುವಾರ ಸಂಜಿ ಒಳಗ ಮುಗೀಬೇಕು.”

“ಶುಕ್ರವಾರ ಕಳ್ಳಿಹಾಳದ ಸಾವಿನ ವಿಚಾರಣಾ ಅಧಿಕಾರಿ ಬರ್ತಾರಂತಲ್ರಿ.”

“ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಮಷಿನ್ ತುಂಬೇತಿ, ಅಳಿಸ್ಬೇಕು.”

“ಮಷಿನ್ ತುಂಬಿದ್ದು ಮೆಸೇಜಿನಿಂದ ಅಲ್ರಿ ಸರ್,” ಎಂದಳು. ಅವಳು ಈ ಲೆಕ್ಕವನ್ನು ಎಂಟು ಪತ್ರಗಳಲ್ಲೂ ಬರೆದಿದ್ದಳು. ಸರ್ವರ್‌ನಲ್ಲಿ ಹನ್ನೆರಡು ಕೋಟಿಗೂ ಹೆಚ್ಚು ಸಾಲುಗಳು ಒಂದೇ ಕೋಷ್ಟಕದಲ್ಲಿದ್ದವು. ಅವು ಯಾರ ಮಾತೂ ಅಲ್ಲ, ಬರೀ ಹೆಸರಿನ ಪಟ್ಟಿಗಳು. ಯಾವನೋ ವಾಟರ್‌ಮನ್‌ನ ನೆಟ್‌ವರ್ಕ್ ಹೋಗಿ ಬಂದರೆ ಅವನು ಗುಂಪು ಬಿಟ್ಟು ಮತ್ತೆ ಸೇರಿದ ಎಂದು ಸರ್ವರ್ ತಿಳಿಯುತ್ತಿತ್ತು. ತಿಳಿದು, ಗುಂಪಿನ ಮುನ್ನೂರು ಜನರ ಹೆಸರನ್ನೂ ಮೊದಲಿನಿಂದ ಮತ್ತೊಮ್ಮೆ ಬರೆದಿಡುತ್ತಿತ್ತು. ಈ ಕಡೆಯ ಹಳ್ಳಿಗಳ ನೆಟ್‌ವರ್ಕ್ ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತದೆಂದು ಎಲ್ಲರಿಗೂ ಗೊತ್ತು. ಆರು ವರ್ಷದಲ್ಲಿ ನಾಲ್ಕು ಲಕ್ಷ ಸಲ ಮುನ್ನೂರು ಹೆಸರು. ಜನ ಆಡಿದ ಮಾತುಗಳಾದರೆ ಎಲ್ಲ ಸೇರಿ ನಲವತ್ತೊಂದು ಲಕ್ಷ ಸಾಲು, ಅಷ್ಟೇ.

“ಆ ಪಟ್ಟಿ ಅಳಿಸಿದ್ರ ಮಷಿನ್ ಹಗುರಾಗ್ತೈತಿ. ಮಂದಿ ಮಾತು ಅಳಿಸಿದ್ರ ಮಷಿನ್‌ಗೆ ಏನೂ ಉಪಯೋಗ ಇಲ್ರಿ.”

“ನಾ ನಿಮಗ ಪಾಠ ಹೇಳ್ರಿ ಅಂದಿಲ್ಲ.”

“ಹಂಗಾರ ಬರದು ಕೊಡ್ರಿ ಸರ್. ಕಳ್ಳಿಹಾಳದ ಮೆಸೇಜ್ ಸೇರಿಸಿ ಎಲ್ಲಾ ಅಳಿಸು ಅಂತ ಬರದು ಸಹಿ ಮಾಡಿ ಕೊಡ್ರಿ.”

ಸಿದ್ದಲಿಂಗ ಪೆನ್ನನ್ನು ಬದಿಗೆ ಸರಿಸಿದ. ಆಮೇಲೆ, “ಆ ಚಂದ್ರಾಮ ಬಂದಿದ್ನಂತ. ಅಂಥವರ್ನೆಲ್ಲ ಒಳಗ ಕರದು ಕೂಡಿಸೂದು ಬ್ಯಾಡ,” ಎಂದ.

“ಅಂಥವರು ಅಂದ್ರ?”

ಅವನು ಎದುರಿನ ಕಡತ ತೆರೆದ.

“ಅಂಥವರು ಅಂದ್ರ ಯಾರ್ರಿ ಸರ್?” ಎರಡನೆಯ ಸಲ ಅವಳ ದನಿ ಹೊರಗೆ ಕೂತವರಿಗೆಲ್ಲ ಕೇಳಿಸಿತು. “ನೀರು ಹೊಲಸೈತಿ ಅಂತ ಹನ್ನೊಂದ್ ಸಲ ಹೇಳಿದವ್ರು ಏನ್ರಿ? ನಿಮ್ಮ ಇಂಜಿನಿಯರ್ ನೋಡಿ ಹೆಬ್ಬೆರಳು ಎತ್ಯಾನ್ರಿ. ಎರಡು ಹೆಣ ಬಿದ್ದಾವು. ನೀವು ಪೇಪರಿನ್ಯಾಗ ಏನ್ ಹೇಳೀರಿ?”

“ಕೀಲಿ ಟೇಬಲ್ ಮ್ಯಾಲ ಇಟ್ಟು ಮನಿಗೆ ಹೋಗು,” ಎಂದ ಸಿದ್ದಲಿಂಗ. ಆರು ವರ್ಷದಲ್ಲಿ ಮೊದಲ ಸಲ ಅವಳನ್ನು ಏಕವಚನದಲ್ಲಿ ಮಾತಾಡಿಸಿದ್ದ. “ನಿನ್ನಂಥವ್ರು ಊರಿಗೆ ಹತ್ತು ಮಂದಿ ಸಿಗ್ತಾರ.”

ಕೀಲಿಯನ್ನು ಇಟ್ಟಳು. ಪಾಸ್‌ವರ್ಡ್ ಬರೆದ ಚೀಟಿಯನ್ನೂ ಇಟ್ಟಳು. ಹನ್ನೊಂದು ಸಾಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಬರುವ ಯೋಚನೆ ಅರ್ಧ ಗಂಟೆಯ ಹಿಂದೆಯೇ ಬಂದಿತ್ತು. ಆದರೆ ಕದ್ದು ತಂದದ್ದನ್ನು ತಿದ್ದಿ ತಂದದ್ದು ಎನ್ನುತ್ತಾರೆ, ಅದು ಅವಳಿಗೆ ಗೊತ್ತಿತ್ತು. ಸಾಲುಗಳು ಇದ್ದಲ್ಲೇ ಇರಬೇಕು, ನೋಡಬೇಕಾದವರು ಬಂದು ಅಲ್ಲೇ ನೋಡಬೇಕು.

ಚಹಾದಂಗಡಿಯಿಂದ ಇಬ್ಬರೂ ನೇರ ವಿಚಾರಣಾ ಅಧಿಕಾರಿಯ ಕಚೇರಿಗೆಂದು ಇಂಡಿಯ ಬಸ್ಸು ಹತ್ತಿದರು. ವಿಚಾರಣಾ ಅಧಿಕಾರಿ ನಾಜಿಮಾ ಕಳ್ಳಿಹಾಳದಲ್ಲಿ ಕ್ಯಾಂಪ್ ಹಾಕಿದ್ದಾರೆ, ಗುರುವಾರ ಬನ್ನಿ ಎಂದು ಕಚೇರಿಯ ಗುಮಾಸ್ತ ಹೇಳಿದ. ಕಳ್ಳಿಹಾಳಕ್ಕೇ ಹೋಗೋಣವೆಂದರೆ ಚಂದ್ರಾಮ ಒಪ್ಪಲಿಲ್ಲ. ತಲೆಯ ಹೊಲಿಗೆ ಇನ್ನೂ ಹಸಿ ಇತ್ತು. ಊರಿನಲ್ಲಿ ಹೆಂಡತಿ ಸಾವಂತ್ರವ್ವನನ್ನೂ ನೀರು ಸೇದಲು ಬಿಡುತ್ತಿರಲಿಲ್ಲ, ಆಕೆ ತಾಂಬಾದ ತಂಗಿಯ ಮನೆಯಲ್ಲಿದ್ದಳು.

ಗುರುವಾರ ಬೆಳಿಗ್ಗೆ ಇಬ್ಬರೂ ಇಂಡಿಯ ಕಚೇರಿಯ ಬೆಂಚಿನ ಮೇಲೆ ಕೂತಿದ್ದಾಗ ಶೈಲಶ್ರೀಯ ಫೋನು ರಿಂಗಾಗತೊಡಗಿತು. ಮೊದಲು ಮುದ್ದೇಬಿಹಾಳದ ಕಡೆಯ ವಾಟರ್‌ಮನ್‌ಗಳು, ಆಮೇಲೆ ಬಸವನ ಬಾಗೇವಾಡಿಯವರು. ಎಲ್ಲರದೂ ಒಂದೇ ಮಾತು: ಮೆಸೇಜ್ ಹೋಗವಲ್ದು. ಕೊಲ್ಹಾರದ ಕಡೆಯ ಪಂಪ್‌ಹೌಸಿನಿಂದ ಭಾಗ್ಯಜ್ಯೋತಿ ಎಂಬ ಹುಡುಗಿ ಫೋನ್ ಮಾಡಿದಳು.

“ಅಕ್ಕಾ, ಬ್ಲೀಚಿಂಗ್ ಹಾಕೂ ಮಷಿನ್ ಮುಂಜಾನಿಯಿಂದ ಕೆಟ್ಟೈತಿ. ಆ್ಯಪಿನ್ಯಾಗ ಹಾಕಿದ್ರ ಸುಮ್ನ ತಿರಗತೈತಿ. ಹತ್ತು ಗಂಟೆಕ್ಕ ಏಳು ಹಳ್ಳಿಗೆ ನೀರ ಬಿಡ್ಬೇಕು. ಬಿಡ್ಲೋ ಬ್ಯಾಡೋ?”

“ಬಿಡಬ್ಯಾಡ.”

“ಸಾಹೇಬ್ರು ಬೈತಾರ.”

“ಬೈಲಿ! ನನ್ನ ಹೆಸರ ಹೇಳು. ನೀರ ಮಾತ್ರ ಬಿಡಬ್ಯಾಡ.”

ಫೋನು ಇಡುವಷ್ಟರಲ್ಲಿ ಗೊತ್ತಿಲ್ಲದ ನಂಬರಿನಿಂದ ಇನ್ನೊಂದು ಬಂತು. ಮುದ್ದೇಬಿಹಾಳದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ರೇವಪ್ಪ.

“ಮೇಡಂ, ಸಿದ್ದಲಿಂಗ ಸಾಹೇಬ್ರು ಕರಿಸ್ಯಾರ್ರಿ. ಹಳೇ ಮೆಸೇಜ್ ಎಲ್ಲಾ ಡಿಲೀಟ್ ಅಂತ ಒಂದ ಕಮಾಂಡ್ ಹಾಕೇನಿ, ಮುಂಜಾನಿ ಆರಕ್ಕ. ಇನ್ನೂ ಮುಗಿವಲ್ದು. ಮಷಿನ್ನ ಬಂದ್ ಆದಂಗ ಆಗೈತಿ. ಕರೆಂಟ್ ತಗದು ಮತ್ತ ಹಾಕ್ಲೇನ್ರಿ?”

“ಕರೆಂಟ್ ಮುಟ್ಟಬ್ಯಾಡ್ರಿ. ಏನೂ ಮುಟ್ಟಬ್ಯಾಡ್ರಿ. ನಾ ಬರಾಕತ್ತೇನಿ,” ಎಂದು ಅವಳು ಗುಮಾಸ್ತನನ್ನು ಕೇಳದೆ ಅಧಿಕಾರಿಯ ಕೋಣೆಯ ಬಾಗಿಲು ನೂಕಿದಳು.

ನಾಜಿಮಾ ಐವತ್ತರ ಹತ್ತಿರದ ಹೆಂಗಸು. ನಾಲ್ಕು ದಿನ ಕಳ್ಳಿಹಾಳದ ಬಿಸಿಲಿನಲ್ಲಿ ತಿರುಗಿ ಆಕೆಯ ದನಿ ಒಡೆದಿತ್ತು. ಶೈಲಶ್ರೀ ನಿಂತುಕೊಂಡೇ ಎಲ್ಲ ಹೇಳಿದಳು. ಹೇಳುವಾಗ ದನಿ ಏರಿತು, ತಗ್ಗಿಸಲಿಲ್ಲ. ನಾಜಿಮಾ ಒಂದೇ ಪ್ರಶ್ನೆ ಕೇಳಿದಳು.

“ಈಗ ಹೋದ್ರ ಸಿಗ್ತಾವೇನು?”

“ಆ ಕಮಾಂಡ್ ಮುಗಿಯೂದ್ರಾಗ ಹೋದ್ರ ಸಿಗ್ತಾವ್ರಿ.”

ಆಕೆ ಜೀಪು ತರಿಸಿದಳು.

ಮಧ್ಯಾಹ್ನ ಒಂದು ಗಂಟೆಗೆ ಅವರು ಸಿಂದಗಿಯ ಮೆಟ್ಟಿಲು ಹತ್ತಿದಾಗ ಸರ್ವರ್ ಕೋಣೆಯಲ್ಲಿ ರೇವಪ್ಪ ಬನಿಯನ್ ತೊಯ್ಯುವಷ್ಟು ಬೆವೆತು ಕೂತಿದ್ದ. ಸಿದ್ದಲಿಂಗ ಅವನ ಹಿಂದೆ ನಿಂತಿದ್ದ. ಅಧಿಕಾರಿಯನ್ನು ಕಂಡು ನಮಸ್ಕಾರ ಮಾಡಿದ. “ನಾಳೆ ಬರ್ತೀರಿ ಅಂದಿದ್ರಿ ಮೇಡಂ. ಇದು ದಿನನಿತ್ಯದ ಸ್ವಚ್ಛತಾ ಕೆಲಸರಿ,” ಎಂದ.

ಶೈಲಶ್ರೀ ಪರದೆಯನ್ನು ನೋಡಿದಳು. ನಡೆದದ್ದು ಅವಳು ಅಂದುಕೊಂಡಂತೆಯೇ ಇತ್ತು. ರೇವಪ್ಪ ನಲವತ್ತು ಲಕ್ಷ ಮಾತುಗಳನ್ನೂ ಅವುಗಳಿಗೆ ಅಂಟಿದ್ದ ಎರಡು ಕೋಟಿ ಗುರುತುಗಳನ್ನೂ ಒಂದೇ ಏಟಿಗೆ ಅಳಿಸು ಎಂದಿದ್ದ. ಡೇಟಾಬೇಸ್ ಹಾಗೆ ಅಳಿಸುವುದಿಲ್ಲ. ಕೊಟ್ಟ ಆಜ್ಞೆಯನ್ನು ಪೂರ್ತಿ ಮಾಡುತ್ತದೆ, ಇಲ್ಲವೇ ಮಾಡಿಯೇ ಇಲ್ಲ ಎನ್ನುವಂತೆ ಪೂರ್ತಿ ಹಿಂದಕ್ಕೆ ಬರುತ್ತದೆ. ನಡುವೆ ಹಿಂದಕ್ಕೆ ಬರಬೇಕಾದರೆ ಬೇಕಾಗುತ್ತದೆಂದು, ಅಳಿಸುವ ಒಂದೊಂದು ಸಾಲಿನ ನಕಲನ್ನೂ ಮೊದಲು ಬದಿಗೆ ಬರೆದಿಟ್ಟುಕೊಳ್ಳುತ್ತದೆ. ಆ ನಕಲುಗಳು ಉಳಿದಿದ್ದ ಮೂರು ಭಾಗ ಜಾಗವನ್ನೂ ನುಂಗಿದ್ದವು. ಜಾಗ ಮುಗಿದು ಆಜ್ಞೆ ಅರ್ಧದಲ್ಲಿ ಸಿಕ್ಕಿಕೊಂಡಿತ್ತು. ಅದು ಹಿಡಿದಿಟ್ಟುಕೊಂಡ ಕೋಷ್ಟಕಕ್ಕೆ ಹೊಸದೊಂದು ಸಾಲು ಸೇರುವಂತಿರಲಿಲ್ಲ. ಆದ್ದರಿಂದಲೇ ನಾಲ್ಕು ತಾಲೂಕಿನ ವಾಟರ್‌ಮನ್‌ಗಳ ಬಾಯಿ ಕಟ್ಟಿತ್ತು.

“ಈಗ ಇದನ್ನ ನಿಲ್ಲಿಸಿದ್ರ ಏನಾಗ್ತೈತಿ?” ಎಂದು ನಾಜಿಮಾ ಕೇಳಿದಳು.

“ಇಲ್ಲೀತನಕ ಅಳಿಸಿದ್ದೆಲ್ಲ ವಾಪಸ್ ಬರ್ತೈತ್ರಿ ಮೇಡಂ.”

“ನಿಲ್ಲಿಸಬ್ಯಾಡ!” ಎಂದ ಸಿದ್ದಲಿಂಗ.

ಅವನು ಕೂಗಿಯೇ ಬಿಟ್ಟಿದ್ದ. ಅವನ ಕೈ ಮುಂದೆ ಚಾಚಿತ್ತು. ರೇವಪ್ಪ ತಿರುಗಿ ಅವನ ಮುಖ ನೋಡಿದ, ಆಮೇಲೆ ಬಾಗಿಲ ಬಳಿ ನಿಂತಿದ್ದ ಚಂದ್ರಾಮನ ತಲೆಯ ಪಟ್ಟಿಯನ್ನು ನೋಡಿದ. ನೋಡಿ ಕುರ್ಚಿಯಿಂದ ಎದ್ದ. “ನನಗ ಇದು ಕಳ್ಳಿಹಾಳದ್ದು ಅಂತ ಹೇಳಿದ್ದಿಲ್ರಿ,” ಎಂದ. “ಕೂಡ್ರಿ ಮೇಡಂ.”

ಶೈಲಶ್ರೀ ಕೂತಳು. ಹಳೆಯ ಕೆಲವು ಕಡತಗಳನ್ನು ಬೇರೆ ಡಿಸ್ಕಿಗೆ ಸರಿಸಿ ಸರ್ವರಿಗೆ ಉಸಿರಾಡಲು ಜಾಗ ಮಾಡಿಕೊಟ್ಟಳು. ಆಮೇಲೆ ಆಜ್ಞೆಯನ್ನು ನಿಲ್ಲಿಸಿದಳು. ಅಳಿದ ಸಾಲುಗಳು ಒಂದೊಂದಾಗಿ ತಮ್ಮ ಜಾಗಕ್ಕೆ ಮರಳಲು ಎರಡೂವರೆ ತಾಸು ಹಿಡಿಯಿತು. ಅಷ್ಟೂ ಹೊತ್ತು ನಾಜಿಮಾ ಕೋಣೆ ಬಿಟ್ಟು ಏಳಲಿಲ್ಲ, ಬೇರೆಯವರನ್ನೂ ಏಳಲು ಬಿಡಲಿಲ್ಲ. ಚಂದ್ರಾಮನಿಗೆ ಆಕೆಯೇ ಕುರ್ಚಿ ಎಳೆದು ಕೊಟ್ಟಳು. ಈ ಸಲ ಅವನು ಕೂತ.

ಸಾಲುಗಳು ಬಂದ ಮೇಲೆ ಕಲ್ಮೇಶನನ್ನು ಕರೆಸಿದರು.

“ನನಗ ಆ ಮೆಸೇಜ್ ಬಂದೇ ಇಲ್ಲ ಮೇಡಂ. ಕಳ್ಳಿಹಾಳದಾಗ ನೆಟ್‌ವರ್ಕ್ ಇರೂದಿಲ್ಲ,” ಎಂದ ಅವನು.

ಶೈಲಶ್ರೀ ಗುರುತುಗಳನ್ನು ಓದಿದಳು. ಮೊದಲನೆಯ ದಿನ, ಏಳು ಗಂಟೆ ಹತ್ತು ನಿಮಿಷ. ಎರಡನೆಯ ದಿನ, ಏಳು ಇಪ್ಪತ್ತೆರಡು. ಹನ್ನೊಂದನ್ನೂ ಓದಿ ಮುಗಿಸಿ ಹೆಬ್ಬೆರಳನ್ನು ತೋರಿಸಿದಳು.

“ಅದು ಕೈ ತಪ್ಪಿ ಒತ್ತೇತಿ.”

ಚಂದ್ರಾಮ ಎದ್ದು ಬಂದು ಕಲ್ಮೇಶನ ಎದುರು ನಿಂತ. “ಸಾಹೇಬ್ರ, ನಾಕನೇ ದಿನ ನನಗ ಫೋನ್ ಮಾಡಿ ನೀರ ಬಿಡು ಅಂದ್ರಲ್ಲ, ಅದೂ ಕೈ ತಪ್ಪಿ ಒತ್ತೇತೇನ್ರಿ? ಆವತ್ತ ನಾ ಬಂದ್ ಮಾಡಿದ್ದೆ. ಬಂದ್ ಇಟ್ಟಿದ್ರ ನಮ್ಮ ಸಣ್ಣವ್ವ ಇರ್ತಿದ್ಳು.” ಕಲ್ಮೇಶ ನೆಲ ನೋಡಿದ.

ನಾಜಿಮಾ ಆ ಸಾಲುಗಳನ್ನೆಲ್ಲ ಮುದ್ರಿಸಿ, ಪ್ರತಿ ಹಾಳೆಗೂ ಅಲ್ಲಿದ್ದವರೆಲ್ಲರ ಸಹಿ ಹಾಕಿಸಿದಳು. ಸರ್ವರ್‌ನ ಪೂರ್ತಿ ನಕಲನ್ನು ಎರಡು ಡಿಸ್ಕುಗಳಿಗೆ ತೆಗೆಸಿ ಅರಗಿನ ಮೊಹರು ಹಾಕಿದಳು.

“ಇನ್ನ ಮಷಿನ್ ಚಾಲೂ ಮಾಡ್ರಿ. ಊರೂರಾಗ ನೀರು ನಿಂತೈತಿ.”

“ಆಕಿ ಈಗ ನಮ್ಮ ಕಂಪನಿ ನೌಕರಳಲ್ಲ ಮೇಡಂ,” ಎಂದ ಸಿದ್ದಲಿಂಗ.

“ಹಂಗಾರ ನೀವು ಮಾಡ್ರಿ.”

ಯಾರೂ ಅಲುಗಲಿಲ್ಲ. ಶೈಲಶ್ರೀ ಮತ್ತೆ ಕೀಬೋರ್ಡ್ ಎಳೆದುಕೊಂಡಳು. ರೇವಪ್ಪ ಹತ್ತಿರ ಬಂದು ನಿಂತು, “ಹನ್ನೆರಡು ಕೋಟಿ ಸಾಲು ಹೆಂಗ ಅಳಿಸ್ತೀರಿ? ಇದೂ ಸಿಕ್ಕೊಂಡ್ರ?” ಎಂದ.

“ಅಳಿಸೂದ ಇಲ್ರಿ ಅಣ್ಣಾರ. ಬೇಕಾದದ್ದನ್ನ ಎತ್ತಿ ಇಟ್ಕೋತೇನಿ.”

ಅವಳು ಒಂದು ಖಾಲಿ ಕೋಷ್ಟಕ ಮಾಡಿದಳು. ಹನ್ನೆರಡು ಕೋಟಿಯಲ್ಲಿ ಇನ್ನೂ ಬಳಕೆಯಲ್ಲಿದ್ದ ಪಟ್ಟಿಗಳು ಒಂದೂವರೆ ಲಕ್ಷ ಸಾಲುಗಳಷ್ಟೇ. ಅವನ್ನು ಹೊಸದಕ್ಕೆ ಬರೆದಳು. ಹೊಸದಕ್ಕೆ ಹಳೆಯದರ ಹೆಸರಿಟ್ಟು, ಹಳೆಯದನ್ನು ಸಾಲು ಸಾಲಾಗಿ ಕೆರೆಯದೆ ಬುಡಸಮೇತ ಕಿತ್ತು ಹಾಕಿದಳು. ಮುಚ್ಚಿಹೋದ ಗುಂಪುಗಳ ಒಂದಿಷ್ಟು ಕಸ ಇನ್ನೂ ಉಳಿದಿತ್ತು. ಅದನ್ನು ಹತ್ತು ಹತ್ತು ಸಾವಿರ ಸಾಲಿನಂತೆ, ನಡುನಡುವೆ ಒಂದು ಕ್ಷಣ ನಿಂತು, ಬರುವ ಸಂದೇಶಗಳಿಗೆ ದಾರಿ ಬಿಟ್ಟು ತೆಗೆಯಲು ಹಚ್ಚಿದಳು. ತೊಂಬತ್ತೇಳು ಇದ್ದದ್ದು ಹತ್ತೊಂಬತ್ತಕ್ಕೆ ಇಳಿಯಿತು. ಎಲ್ಲ ಸೇರಿ ನಲವತ್ತು ನಿಮಿಷ.

ಬೆಳಿಗ್ಗೆಯಿಂದ ದಾರಿಯಲ್ಲಿ ನಿಂತಿದ್ದ ಸಂದೇಶಗಳು ಒಮ್ಮೆಲೇ ಒಳಗೆ ಬಂದವು. ಭಾಗ್ಯಜ್ಯೋತಿಯದೂ ಬಂತು. ಶೈಲಶ್ರೀ ಅದನ್ನು ಜೋರಾಗಿ ಓದಿ, ಅಲ್ಲಿದ್ದವರ ಕಡೆ ತಿರುಗಿದಳು. “ಇದನ್ನ ಯಾರ್ ನೋಡ್ತೀರಿ? ಈಗ ಹೇಳ್ರಿ. ಯಾರ್ ಹೋಗ್ತೀರಿ ಕೊಲ್ಹಾರಕ್ಕ?” ಮೂಲೆಯಲ್ಲಿದ್ದ ಒಬ್ಬ ಮೆಕ್ಯಾನಿಕ್ ಹೆಲ್ಮೆಟ್ ತೆಗೆದುಕೊಂಡು ಹೊರಟ.

“ಇಷ್ಟ ಸಣ್ಣ ಕೆಲಸಕ್ಕ ಎಂಟು ತಿಂಗಳು ಬೇಕಾತೇನು?” ಎಂದು ನಾಜಿಮಾ ಕೇಳಿದಳು.

“ಪರವಾನಿಗಿ ಕೊಡ್ಲಿಲ್ರಿ. ಆದ್ರ ಮಷಿನ್ ನಿಧಾನ ಇತ್ತಂತ ಯಾರೂ ಸತ್ತಿಲ್ರಿ ಮೇಡಂ. ಮೆಸೇಜ್ ಬರೋಬ್ಬರಿ ಮುಟ್ಟ್ಯಾವು. ಅದನ್ನ ಬರ್ಕೊಳ್ರಿ.”

ಕಲ್ಮೇಶನನ್ನು ಕೆಲಸದಿಂದ ತೆಗೆದು ಅವನ ಮೇಲೆ ಕೇಸು ಹಾಕಿದರು. ಸಿದ್ದಲಿಂಗನ ಮೇಲಿನ ವರದಿ ಮೇಲಕ್ಕೆ ಹೋಯಿತು. ಅದು ಕೆಳಗೆ ಬರುವುದರೊಳಗೆ ಕಂಪನಿ ಅವನನ್ನು ಬೇರೆ ಜಿಲ್ಲೆಗೆ ಅದೇ ಹುದ್ದೆಯ ಮೇಲೆ ಕಳಿಸಿತು. ಚಂದ್ರಾಮನನ್ನು ಕೆಲಸಕ್ಕೆ ಮರಳಿ ತೆಗೆದುಕೊಂಡರು. ಶೈಲಶ್ರೀಗೆ ಮಾತ್ರ ತಮ್ಮ ಸೇವೆ ಇನ್ನು ಬೇಕಾಗಿಲ್ಲ ಎಂಬ ಎರಡು ಸಾಲಿನ ಪತ್ರ ಮನೆಗೆ ಬಂತು. ಓದಿ, ಹರಿದು, ಒಲೆಗೆ ಹಾಕಿದಳು. ಆಮೇಲೆ, ಹರಿಯಬಾರದಿತ್ತು, ಇಟ್ಟುಕೊಂಡು ಜಗಳ ಮಾಡಬೇಕಿತ್ತು ಎಂದು ಇನ್ನೂ ಸಿಟ್ಟಾದಳು.

ಮೂರು ವಾರದ ಮೇಲೆ ಚಂದ್ರಾಮನೇ ಯಾರದೋ ಫೋನಿನಿಂದ ಕರೆ ಮಾಡಿದ. “ಪೈಪು ಹೊಸದಾಗಿ ಹಾಕಾಕತ್ತಾರ್ರಿ ಅಕ್ಕಾರ. ಬಂದು ನೋಡ್ರಿ.” ಪೈಪು ಗಟಾರದಿಂದ ದೂರ ಸರಿಯುವ ತನಕ ಮೋಟರಿಗೆ ಕೈ ಹಚ್ಚುವುದಿಲ್ಲ ಎಂದು ಅವನು ಕೂತಿದ್ದ. ಅಲ್ಲಿಯವರೆಗೆ ಊರಿಗೆ ಟ್ಯಾಂಕರ್ ನೀರು.

ಅವಳು ತಾಂಬಾಕ್ಕೆ ಬಂದು, ಅಲ್ಲಿಂದ ಟಂಟಂ ಹಿಡಿದು ಕಳ್ಳಿಹಾಳಕ್ಕೆ ಇಳಿದಾಗ ಹನ್ನೊಂದು ಗಂಟೆ. ಗುತ್ತಿಗೆದಾರನ ಆಳುಗಳು ಕೇರಿಯ ಬಾಯಲ್ಲಿ ತಗ್ಗು ತೋಡಿ ಪೈಪು ಇಳಿಸಲು ತಯಾರಾಗಿದ್ದರು. ಶೈಲಶ್ರೀ ಬಗ್ಗಿ ನೋಡಿದಳು. ತಗ್ಗು ಗಟಾರದ ಗೋಡೆಗೆ ಒಂದು ಮೊಳ ದೂರದಲ್ಲಿತ್ತು, ಅಷ್ಟೇ.

“ಇದ ಜಾಗಾದಾಗ ಯಾಕ್ರಿ?” ಎಂದಳು.

“ಹಳೇ ತಗ್ಗು ಸಡಲೈತ್ರಿ, ಮಣ್ಣ ಹಡ್ಡಾಕ ಸಸಾರ, ಜಲ್ದಿ ಆಗ್ತೈತಿ,” ಎಂದ ಮೇಸ್ತ್ರಿ.

ಚಂದ್ರಾಮ ಚಪ್ಪಲಿ ಬಿಟ್ಟು ತಗ್ಗಿನೊಳಗೆ ಇಳಿದು ನಿಂತ. ಆಳುಗಳು ಪೈಪನ್ನು ಹೆಗಲ ಮೇಲಿಟ್ಟುಕೊಂಡೇ ನಿಂತರು. ಮೇಸ್ತ್ರಿ ಬೈದ. ಜನ ಸೇರಿದರು. ಊರಿನ ಹಿರಿಯ ಗುರುಲಿಂಗಪ್ಪ ಬಂದ. ಆವತ್ತು ಚಂದ್ರಾಮನ ಫೋನು ಕಸಿದುಕೊಂಡವರಲ್ಲಿ ಅವನ ಮಗನೂ ಇದ್ದ.

“ಹೋಗ್ಲಿ ಬಿಡೋ ಚಂದ್ರಾಮ. ಮೊದಲ ನೀರ ಬರ್ಲಿ. ತಿಂಗಳಾತು ಟ್ಯಾಂಕರ್ ನೀರು ಕುಡದು.”

“ಗೌಡ್ರ, ಆವತ್ತ ನನ್ನ ಹೊಡಿಯಾಕ ಎಷ್ಟ ಮಂದಿ ಬಂದಿದ್ರಿ?”

ಗುರುಲಿಂಗಪ್ಪ ರುಮಾಲು ಸರಿಪಡಿಸಿಕೊಂಡ.

“ಅಷ್ಟೂ ಮಂದಿ ಈಗ ಸಲಿಕಿ ತಗೊಂಡು ಬರ್ರಿ. ಅಕೋ ಆ ಬೇವಿನಗಿಡದ ಆಚಿ ಕಡೆಯಿಂದ ಹೊಸಾ ತಗ್ಗು ಹಡ್ಡೂಣು. ಅಲ್ಲೀತನಕ ನಾ ಮ್ಯಾಲ ಬರೂದಿಲ್ಲ. ಪೈಪು ಇಳಸ್ಬೇಕಂದ್ರ ನನ್ನ ಮ್ಯಾಲ ಇಳಸ್ರಿ.”

ಶೈಲಶ್ರೀ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಸ್ತ್ರಿಯ ಕೈಯಿಂದ ಸಲಿಕೆ ಕಿತ್ತುಕೊಂಡು ಬೇವಿನಗಿಡದ ಕಡೆ ನಡೆದಳು. ಕರಿಮಣ್ಣು ಒಣಗಿ ಕಲ್ಲಾಗಿತ್ತು. ಮೊದಲ ಏಟಿಗೆ ಸಲಿಕೆ ಸಿಡಿದು ಅವಳ ಅಂಗೈ ಉರಿಯಿತು. ಅವಳು ಮತ್ತೆ ಹೊಡೆದಳು. ಕೇರಿಯಿಂದ ಸಾವಂತ್ರವ್ವ ಗುದ್ದಲಿ ತಂದಳು, ಅವಳ ಹಿಂದೆ ಕೇರಿಯವರೆಲ್ಲ ಬಂದರು. ಊರಿನ ಕಡೆಯಿಂದ ಬಹಳ ಹೊತ್ತು ಯಾರೂ ಕದಲಲಿಲ್ಲ. ಆಮೇಲೆ ಗುರುಲಿಂಗಪ್ಪ ರುಮಾಲು ಬಿಚ್ಚಿ ಗಿಡದ ಟೊಂಗೆಗೆ ಹಾಕಿ, ಮಗನನ್ನು ಹೆಸರು ಹಿಡಿದು ಕೂಗಿ ಕರೆದ.

ಮಧ್ಯಾಹ್ನದ ಹೊತ್ತಿಗೆ ಊರಿನವರು ಏಳು ಜನ ಬಂದಿದ್ದರು. ಹೊಡೆದವರು ಇಪ್ಪತ್ತಕ್ಕೂ ಹೆಚ್ಚು. ತಗ್ಗಿನಲ್ಲಿ ನಿಂತೇ ಚಂದ್ರಾಮ ಅವರನ್ನು ಎಣಿಸಿದ, ಸಾಲದು ಎಂದ. ಶೈಲಶ್ರೀ ಮರಳಬೇಕಿದ್ದ ಎರಡು ಗಂಟೆಯ ಬಸ್ಸು ಊರ ಮುಂದೆ ಹಾದುಹೋಯಿತು. ಅವಳು ತಲೆಯೆತ್ತಿ ನೋಡಲಿಲ್ಲ.